ಅರ್ಧ ದಿನದ ಶಾಲೆ, ಇಡೀ ದಿನದ ಪೀಕಲಾಟ

ಮಾನ್ಯ ಸಂಪಾದಕರೇ,

ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರರು ಬಂದುಹೋದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ದಿನ ಮನೆಯ ಕಸುಬು ಎನ್ನುವ ಹೊಸ ಯೋಜನೆ 'ಸುಸೂತ್ರವಾಗಿ' ನಡೆಯುತ್ತಿದೆಯಂತೆ. ಆ ಹೊತ್ತಿಗೆ ನಾನೂ ಅಲ್ಲೇ ಇದ್ದೆ. ಅವರು ನನ್ನನ್ನು ಕೇಳಿದ್ದು ಒಂದೇ, "ನಿಮ್ಮ ಕಸುಬೇನು?" ಅರ್ಜಿ ಬರೆಯುವುದು ಎಂದೆ. "ಒಳ್ಳೆಯದಾಯಿತು, ಮಧ್ಯಾಹ್ನ ಮಗನಿಗೆ ಅದನ್ನೇ ಕಲಿಸಿ" ಎಂದು ಜೀಪು ಹತ್ತಿದರು.

ಕಲಿಸಿದೆ ಸ್ವಾಮಿ. ಮೂರನೇ ಕ್ಲಾಸಿನ ಹುಡುಗ ಕಚೇರಿ ಜಗಲಿಯಲ್ಲಿ ನನ್ನ ಪಕ್ಕ ಕೂತು, ಮರುದಿನವೇ ಒಬ್ಬರ ಕ್ರಯಪತ್ರದ ಛಾಪಾ ಕಾಗದದ ಮೇಲೆ ಮಸಿಕುಡಿಕೆ ಮಗುಚಿದ. ಕಾಗದದ ದುಡ್ಡು ನಾನು ತೆತ್ತೆ. ಕಕ್ಷಿಗಾರ ಬೇರೆ ಬರಹಗಾರನ ಹತ್ತಿರ ಹೋದ.

ದಿನಕ್ಕೆ ಮೂರೇ ಗಂಟೆ ಪಾಠ, ಎರಡು ಪಾಳಿ. ಮಗನಿಗೆ ಬೆಳಗಿನದು, ಮಗಳಿಗೆ ಮಧ್ಯಾಹ್ನದ್ದು. ಮನೆಯಲ್ಲಿರುವ ಕೊಡೆ ಒಂದೇ. ಪಾಳಿಗಳ ನಡುವೆ ಬಿಡುವು ಬೇರೆ, ಹಾಗಾಗಿ ಈ ಆಟಿಯ ಮಳೆಯಲ್ಲಿ ಮಕ್ಕಳನ್ನು ಅಡಿಕೆ ಮರದ ಸಂಕ ದಾಟಿಸಲು ಅವರ ತಾಯಿ ದಿನಕ್ಕೆ ನಾಲ್ಕು ಸಲ ಓಡಬೇಕು. ಆ ಸಂಕದ ಕಥೆ ಕೇಳಬೇಡಿ. ಗಟ್ಟಿ ಕಾಲುಸೇತುವೆ ಬೇಕೆಂದು ಬ್ರಿಟಿಷರ ಕಾಲದಿಂದ ನಾನೇ ಏಳು ಅರ್ಜಿ ಬರೆದಿದ್ದೇನೆ. ಆಗ 'ಪರಿಶೀಲನೆಯಲ್ಲಿದೆ' ಎಂದು ಇಂಗ್ಲಿಷಿನಲ್ಲಾದರೂ ಉತ್ತರ ಬರುತ್ತಿತ್ತು. ಸ್ವರಾಜ್ಯ ಬಂದ ಮೇಲೆ ಅದೂ ಇಲ್ಲ.

ಸಂವಿಧಾನದ 45ನೇ ವಿಧಿ ಹತ್ತು ವರ್ಷದೊಳಗೆ, 14 ತುಂಬುವ ತನಕ ಎಲ್ಲ ಮಕ್ಕಳಿಗೂ ಕಡ್ಡಾಯ ಶಿಕ್ಷಣ ಎನ್ನುತ್ತದೆ. ನಮ್ಮ ಮದ್ರಾಸ್ ಸರಕಾರ ಪಾಠದ ಹೊತ್ತು ಕತ್ತರಿಸಿ, ಅದೇ ಕಟ್ಟಡದಲ್ಲಿ, ಅದೇ ಮಾಸ್ತರರಿಂದ ಹೆಚ್ಚು ಮಕ್ಕಳಿಗೆ ಪಾಠ ಹೇಳಿಸುತ್ತದಂತೆ. ಹಾಲಿಗೆ ನೀರು ಹೊಯ್ದರೂ ಚೊಂಬು ತುಂಬುತ್ತದೆ. ಪಟ್ಟಣದ ಶಾಲೆಗಳಿಗೆ ಮಾತ್ರ ಈ ಭಾಗ್ಯವಿಲ್ಲ! ಕುಂಬಾರನ ಮಗ ಮಡಕೆ ಮಾಡಲಿ, ಮಡಿವಾಳನ ಮಗ ಬಟ್ಟೆ ಒಗೆಯಲಿ. ಇನ್‌ಸ್ಪೆಕ್ಟರರ ಮಗನೂ ಅರ್ಧ ದಿನ ಮನೆಯಲ್ಲಿ ಕೂತು ಜೀಪು ಹತ್ತುವುದನ್ನು ಕಲಿಯಲಿ.

ಯೋಜನೆ ತಂದ ಮುಖ್ಯಮಂತ್ರಿ ರಾಜಾಜಿಯವರು ದೊಡ್ಡವರು, ಅವರಿಗೆ ಬುದ್ಧಿ ಹೇಳಲು ನಾನ್ಯಾರು. ಆದರೆ ಜುಲೈ 29ರಂದು ವಿಧಾನಸಭೆಯಲ್ಲಿ ಯೋಜನೆ ಬೇಡವೆಂದವರು 138, ಬೇಕೆಂದವರು 138. ಅಲ್ಲಿಯೂ ಅರ್ಧಕ್ಕರ್ಧ. ಇನ್ನು ತಜ್ಞರು ನೋಡುತ್ತಾರಂತೆ. ಅವರು ನೋಡಿ ಮುಗಿಸುವಷ್ಟರಲ್ಲಿ ನನ್ನ ಮಗನಿಗೆ ಮೀಸೆ ಬಂದಿರುತ್ತದೆ.

ಈ ಯೋಜನೆಯನ್ನು ಕೂಡಲೇ ಕೈಬಿಡಬೇಕು, ಇಲ್ಲವೇ ನನ್ನ ಇಬ್ಬರು ಮಕ್ಕಳನ್ನೂ ಒಂದೇ ಪಾಳಿಗೆ ಹಾಕಬೇಕು. ಸಂಕವನ್ನೂ ಯಾರಾದರೂ ನೋಡಬೇಕು. ಸಂಬಂಧಪಟ್ಟವರು ಯಾರೆಂದು ಇಪ್ಪತ್ತು ವರ್ಷ ಅರ್ಜಿ ಬರೆದ ನನಗೇ ಗೊತ್ತಾಗಿಲ್ಲ. ಯಾರೇ ಆಗಿರಲಿ, ಅವರಿಗೆ ನಾಚಿಕೆಯಾಗಬೇಕು.

ಇತಿ,
ಒಬ್ಬ ಅರ್ಜಿ ಬರಹಗಾರ
ದಕ್ಷಿಣ ಕನ್ನಡ, 3 ಆಗಸ್ಟ್ 1953