ಅಧ್ಯಕ್ಷಾವಧಿ ಮುಗಿದ ಹೊತ್ತಿನಲ್ಲಿ ಒಂದಿಷ್ಟು ಕೃತಜ್ಞತೆ

ಜೂನ್ 30ಕ್ಕೆ ರೋಟರಿ ವರ್ಷ ಮುಗಿಯಿತು, ಅದರ ಜೊತೆಗೆ ನಮ್ಮ ಕ್ಲಬ್ಬಿನ ಅಧ್ಯಕ್ಷೆಯಾಗಿ ನನ್ನ ಅವಧಿಯೂ. ಯಾವ ಶಿಬಿರ ಯಾವಾಗ ನಡೆಯಿತು, ಎಷ್ಟು ಖರ್ಚಾಯಿತು ಎಂಬುದೆಲ್ಲ ಕಾರ್ಯದರ್ಶಿಯವರು ಓದಿದ ವಾರ್ಷಿಕ ವರದಿಯಲ್ಲಿದೆ. ನಮ್ಮ ಯಜಮಾನರ ಕಾಯಿಲೆಯ ವಿಷಯವೂ ನಿಮಗೆ ಗೊತ್ತಿರುವುದೇ. ಅವರೀಗ ಚೆನ್ನಾಗಿದ್ದಾರೆ. ವರದಿಯಲ್ಲಿ ಸೇರದ ಋಣ ಒಂದಿದೆ, ಅದನ್ನು ಹೇಳಿಕೊಳ್ಳಬೇಕು.

ರಕ್ತದಾನ ಶಿಬಿರಕ್ಕೆ ಕಾಲೇಜು ಹುಡುಗರನ್ನು ಕರೆತಂದ, ರೋಟರಿಯ ಯುವ ಬಳಗವಾದ ರೋಟರ್ಯಾಕ್ಟ್ ತಂಡ, ನೆಟ್ಟ ಗಿಡಗಳಿಗೆ ಬೇಸಿಗೆಯುದ್ದಕ್ಕೂ ನೀರು ಹೊತ್ತವರು, ಪೋಲಿಯೊ ಭಾನುವಾರ ಬೂತಿನಲ್ಲಿ ಬೆಳಗಿನಿಂದ ಕೂತವರು, ನಾನಿಲ್ಲದಾಗ ಸಭೆ ನಡೆಸಿದ ಉಪಾಧ್ಯಕ್ಷರು, ಆಸ್ಪತ್ರೆ ಓಡಾಟಕ್ಕೆ ಕಾರು ಕಳಿಸಿದವರು, ಕೇಳದೆಯೇ ಹಣ ಹೊಂದಿಸಿದವರು, ಎಲ್ಲರಿಗೂ ಕೈಮುಗಿಯುತ್ತೇನೆ.

ನಮ್ಮ ಖಜಾಂಚಿ ಮೇಷ್ಟ್ರ ಬಗ್ಗೆ ಮಾತ್ರ ಒಂದು ಸಾಲು ಬರೆದು ಮುಗಿಸಲಾರೆ.

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಶಿಬಿರ ಹತ್ತಿರ ಬಂದಿದ್ದ ವಾರವೇ ನಮ್ಮ ಯಜಮಾನರನ್ನು ಐಸಿಯುಗೆ ಸೇರಿಸಬೇಕಾಯಿತು. ಆ ರಾತ್ರಿ ನೋಡಲು ಬಂದವರೆಲ್ಲ ಹತ್ತು ಗಂಟೆಯ ಹೊತ್ತಿಗೆ ಹೊರಟರು. ಹೊರಡಲೇಬೇಕಿತ್ತು, ಮನೆಗಳಲ್ಲಿ ಮಕ್ಕಳಿದ್ದರು. ಮೇಷ್ಟ್ರು ಎದ್ದೇಳಲಿಲ್ಲ. "ನೀವೂ ಹೋಗಿ ಮೇಷ್ಟ್ರೇ, ವಯಸ್ಸಾದವರು" ಎಂದೆ. "ನನಗೆ ಮನೇಲೂ ನಿದ್ದೆ ಬರೋದಿಲ್ಲ ತಾಯಿ, ಇಲ್ಲೇ ಕೂತಿರ್ತೀನಿ" ಎಂದರು.

ಸುಮ್ಮನೆ ಕೂತಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ ಅನ್ನುವುದು ಅವರಿಗೆ ತಿಳಿದಿತ್ತೇನೋ. ಚೀಲದಿಂದ ಶಿಬಿರದ ಪಟ್ಟಿ ತೆಗೆದರು. ಹೆಸರು, ವಯಸ್ಸು, ಸಕ್ಕರೆ, ಬಿ.ಪಿ., ಕೊನೆಯ ಕಾಲಮಿನಲ್ಲಿ ಶಸ್ತ್ರಚಿಕಿತ್ಸೆ ಯಾವ ಕಣ್ಣಿಗೆ ಎಂಬುದು. ತಪಾಸಣೆಯ ದಿನ ವೈದ್ಯರು ಬರೆದುಕೊಟ್ಟ ಚೀಟಿಗಳನ್ನು ನನ್ನ ಕೈಗಿಟ್ಟು, ಅವರು ಪಟ್ಟಿ ಓದತೊಡಗಿದರು. "ಎಡಗಣ್ಣು." ನಾನು ಚೀಟಿ ನೋಡಿ "ಎಡಗಣ್ಣು" ಅನ್ನಬೇಕು. "ಬಲಗಣ್ಣು." "ಬಲಗಣ್ಣು." ತಾಳೆಯಾದ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು. ನನ್ನ ದನಿ ಒಡೆದಾಗ ಅವರು ಓದು ನಿಲ್ಲಿಸುತ್ತಿದ್ದರು, ಸಮಾಧಾನದ ಮಾತು ಆಡುತ್ತಿರಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಮುಂದಿನ ಹೆಸರು.

ನಡುರಾತ್ರಿ ದಾಟಿದ ಮೇಲೆ ಡ್ಯೂಟಿ ಡಾಕ್ಟರು ಒಪ್ಪಿಗೆ ಪತ್ರ ತಂದರು. ಆ ಕ್ಷಣವನ್ನು ಹೇಗೆ ಬರೆಯಲಿ? ಅಕ್ಷರಗಳು ಕಾಣುತ್ತಿದ್ದವು, ಅರ್ಥವಾಗುತ್ತಿರಲಿಲ್ಲ. ಸಹಿ ಹಾಕಿದರೆ ಇವರನ್ನು ನಾನೇ ಕಳಿಸಿಕೊಟ್ಟಂತೆ ಅನ್ನಿಸಿ ಕೈ ಮೇಲೇಳಲಿಲ್ಲ. ದೇವರ ಮೇಲೆ, ಆಸ್ಪತ್ರೆಯ ವಾಸನೆಯ ಮೇಲೆ, ಮಲಗಿದ್ದ ಇವರ ಮೇಲೂ ಕೋಪ ಬಂತು. ಮೇಷ್ಟ್ರು ತಮ್ಮ ಲೆಕ್ಕದ ರಿಜಿಸ್ಟರನ್ನು ನನ್ನ ಮಡಿಲಲ್ಲಿಟ್ಟು, ಅದರ ಮೇಲೆ ಪತ್ರವನ್ನು ಹರಡಿ, ಎರಡೂ ಅಂಚು ಅದುಮಿ ಹಿಡಿದು, ಪ್ರತಿ ಸಾಲನ್ನೂ ಮೆಲ್ಲಗೆ ಓದಿ ಹೇಳಿದರು. "ಅರ್ಥವಾಯ್ತಾ? ಈಗ ಹಾಕಿ ತಾಯಿ." ಹಾಕಿದೆ.

ಬೆಳಗಿನ ಹೊತ್ತಿಗೆ ಅಪಾಯ ಕಳೆಯಿತು. ಮೇಷ್ಟ್ರು ಅಲ್ಲಿಂದಲೇ ಶಿಬಿರದ ಜಾಗ ನೋಡಲು ಹೋದರು.

ಆ ಶಿಬಿರಕ್ಕೆ ನಾನು ಹೋಗಲಾಗಲಿಲ್ಲ. ಸ್ವಯಂಸೇವಕರು ಕಳಿಸಿದ ಫೋಟೊ ನೋಡಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಎದುರಿಗಿರುವುದೆಲ್ಲ ಮಬ್ಬು. ಹಾಗೆ ಮಬ್ಬಾದ ಕಣ್ಣಿನ ಅಜ್ಜಿಯೊಬ್ಬರನ್ನು ಮೇಷ್ಟ್ರು ಮೊಣಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಸರಿಯಾಗಿ ನಿದ್ದೆಯಿಲ್ಲದ ಮುಖ, ಜೇಬಿನಲ್ಲಿ ಅದೇ ಪೆನ್ಸಿಲು.

ವಾರದ ಸಭೆ ಬೇಕೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. 2016ರಲ್ಲಿ ನಿಯಮ ಸಡಿಲವಾಗಿ ತಿಂಗಳಿಗೆ ಎರಡು ಸಭೆಯಾದರೂ ಸಾಕಾಗಿದೆ. ಪ್ರಾಜೆಕ್ಟುಗಳಿದ್ದರೆ ಆಯಿತಲ್ಲ, ಗಂಟೆ ಬಾರಿಸಿ ವರದಿ ಓದುವುದು ಯಾಕೆ ಎನ್ನುವವರಿದ್ದಾರೆ. ಹೊಸ ಸದಸ್ಯರು ಸೇರಿದಾಗಲೆಲ್ಲ ಮೇಷ್ಟ್ರು ಒಂದು ಕತೆ ಹೇಳುತ್ತಾರೆ: 1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರನ್ನು ಕೂಡಿಕೊಂಡು ಮೊದಲ ಸಭೆ ನಡೆಸಿದ್ದು ಸ್ನೇಹಕ್ಕಾಗಿ, ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು, ಊರಿಗೆ ಸಾರ್ವಜನಿಕ ಶೌಚಾಲಯ ಬೇಕೆಂದು ಅವರು ಓಡಾಡಿದ್ದು ಆಮೇಲೆ. ಎಷ್ಟೋ ಸಲ ಕೇಳಿದ್ದ ಕತೆ ಆ ರಾತ್ರಿಯ ನಂತರ ನನಗೆ ಮನದಟ್ಟಾಯಿತು. ವಾರವಾರವೂ ಪಕ್ಕದ ಕುರ್ಚಿಯಲ್ಲಿ ಕೂತು, ಲೆಕ್ಕದ ಬಗ್ಗೆ ನನ್ನೊಡನೆ ವಾದ ಮಾಡಿ ಮಾಡಿಯೇ ಮೇಷ್ಟ್ರಿಗೆ ನನ್ನ ಸ್ವಭಾವ ಗೊತ್ತಾದದ್ದು. ಹೊಸ ಮಂಡಳಿಗೆ ನನ್ನ ವಿನಂತಿ, ವಾರದ ಸಭೆ ಕೈಬಿಡಬೇಡಿ.

ಇನ್ನೊಂದು ಮಾತು. ಹೆಣ್ಣುಮಕ್ಕಳಿಗೂ ಸದಸ್ಯತ್ವ ಎಂದು ರೋಟರಿ ತನ್ನ ನಿಯಮ ತಿದ್ದಿಕೊಂಡದ್ದು 1989ರಲ್ಲಿ. ನಮ್ಮ ಕ್ಲಬ್ಬಿನಲ್ಲಿ ಮೊದಲ ಮಹಿಳೆಯ ಹೆಸರು ಸೂಚಿಸಿದವರೂ ಮೇಷ್ಟ್ರೇ ಎಂದು ಹಳಬರು ಹೇಳುತ್ತಾರೆ. ಅವರು ಒಮ್ಮೆಯೂ ಹೇಳಿಕೊಂಡಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಮೇಷ್ಟ್ರೇ, ನಿಮ್ಮ ಋಣ ತೀರಿಸುವೆನೆಂಬ ಭ್ರಮೆ ನನಗಿಲ್ಲ. ಹೊಸ ಅಧ್ಯಕ್ಷರ ಪದಗ್ರಹಣಕ್ಕೆ ನಾವಿಬ್ಬರೂ ಬರುತ್ತೇವೆ. ಮುಂದಿನ ಶಿಬಿರದಲ್ಲಿ ನೋಂದಣಿ ಮೇಜಿಗೆ ಕೂರುತ್ತೇನೆಂದು ನಮ್ಮ ಯಜಮಾನರು ಈಗಲೇ ಹೆಸರು ಕೊಟ್ಟಿದ್ದಾರೆ, ಬರೆದುಕೊಳ್ಳಿ.