ಅಯಾನುಗೋಳ ಎಲ್ಲ ತರಂಗಗಳಿಗೂ ಕನ್ನಡಿಯಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಬಾನುಲಿಯ ಕುರಿತು ಪ್ರಕಟವಾದ ಲೇಖನದಲ್ಲಿ, ವಾಯುಮಂಡಲದ ಮೇಲ್ಭಾಗದ ಅಯಾನುಗೋಳವು ನೆಲದಿಂದ ಹೊರಟ ರೇಡಿಯೊ ತರಂಗಗಳನ್ನೆಲ್ಲ ಕನ್ನಡಿಯಂತೆ ಹಿಂದಿರುಗಿಸುತ್ತದೆ ಎಂದು ಬರೆಯಲಾಗಿದೆ. ಅದು ನಿಜವಾಗಿದ್ದರೆ ಉಪಗ್ರಹಗಳ ಸಂಕೇತ ನಮ್ಮನ್ನು ಮುಟ್ಟುತ್ತಲೇ ಇರಲಿಲ್ಲ.

ಸೂರ್ಯನ ನೇರಳಾತೀತ ಕಿರಣಗಳೂ ಕ್ಷ-ಕಿರಣಗಳೂ ಸುಮಾರು 60 ಕಿ.ಮೀ. ಎತ್ತರದಿಂದಾಚೆಗಿನ ವಿರಳ ಗಾಳಿಯಲ್ಲಿ ಇಲೆಕ್ಟ್ರಾನುಗಳನ್ನು ಅಣುಗಳಿಂದ ಬಿಡಿಸುತ್ತವೆ; ಆ ಭಾಗವೇ ಅಯಾನುಗೋಳ. ಹೀಗೆ ಬಿಡಿಯಾದ ಇಲೆಕ್ಟ್ರಾನುಗಳ ಸಮೂಹಕ್ಕೆ ತನ್ನದೇ ಆದ ಸಹಜ ಆವೃತ್ತಿಯಿದೆ. ಬರುವ ತರಂಗದ ಆವೃತ್ತಿ ಅದಕ್ಕಿಂತ ಕಡಿಮೆಯಿದ್ದರೆ ಇಲೆಕ್ಟ್ರಾನುಗಳು ಅದರ ಏರಿಳಿತಕ್ಕೆ ತಕ್ಕಂತೆ ಓಲಾಡಿ, ತರಂಗ ಮುಂದೆ ಸಾಗದಂತೆ ಹಿಂದಕ್ಕಟ್ಟುತ್ತವೆ. ಬಹಳ ಹೆಚ್ಚಿದ್ದರೆ ಅವು ಅಷ್ಟು ಬೇಗ ಅಲುಗಲಾರವು, ತರಂಗ ಪಾರಾಗುತ್ತದೆ. ಘನ ಮೀಟರಿಗೆ ಒಂದು ಲಕ್ಷ ಕೋಟಿ ಇಲೆಕ್ಟ್ರಾನುಗಳಿದ್ದರೆ ಈ ಗಡಿ ಸುಮಾರು 9 ಮೆಗಾಹರ್ಟ್ಸ್. ಇಲೆಕ್ಟ್ರಾನುಗಳು ನಾಲ್ಕು ಪಟ್ಟಾದರೆ ಗಡಿ ಏರುವುದು ಎರಡೇ ಪಟ್ಟು. ಓರೆಯಾಗಿ ತಾಗುವ ತರಂಗ ಇದಕ್ಕಿಂತ ಹೆಚ್ಚಿನ ಆವೃತ್ತಿಯಲ್ಲೂ ಬಾಗಿ ಮರಳುವುದರಿಂದ ಕಿರುತರಂಗ ಬಾನುಲಿ ಕಡಲಾಚೆಗೂ ಕೇಳುತ್ತದೆ. 100 ಮೆಗಾಹರ್ಟ್ಸ್ ಆಸುಪಾಸಿನ ಎಫ್.ಎಂ.ಗೆ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ.

ದೂರದ ಮಧ್ಯಮ ತರಂಗ ಕೇಂದ್ರಗಳು ರಾತ್ರಿ ಮಾತ್ರ ಕೇಳಿಸುವುದೇಕೆ ಎಂಬುದನ್ನೂ ಲೇಖನ ಬಿಟ್ಟಿದೆ. ಹಗಲಿನಲ್ಲಿ ಅಯಾನುಗೋಳದ ಕೆಳಪದರದ ಇಲೆಕ್ಟ್ರಾನುಗಳು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತ ತರಂಗದ ಶಕ್ತಿಯನ್ನು ನುಂಗಿಬಿಡುತ್ತವೆ. ಸೂರ್ಯಾಸ್ತದ ನಂತರ ಆ ಪದರ ಬಹುಪಾಲು ಕರಗಿ, ಮೇಲಿನ ಪದರದ ಪ್ರತಿಫಲನಕ್ಕೆ ದಾರಿ ತೆರೆಯುತ್ತದೆ.

ರೇಡಾರಿಗೂ ಇದೇ ಲೆಕ್ಕ. ಉಲ್ಕೆಯೊಂದು ಸುಮಾರು 100 ಕಿ.ಮೀ. ಎತ್ತರದಲ್ಲಿ ಉರಿಯುತ್ತ ಬಿಟ್ಟುಹೋಗುವ ಅಯಾನೀಕೃತ ಅನಿಲದ ಗೆರೆ ಎಷ್ಟು ದಟ್ಟವೆಂದರೆ, ಅಯಾನುಗೋಳವನ್ನು ದಾಟಿಹೋಗಬಲ್ಲ ತರಂಗಗಳೂ ಅದಕ್ಕೆ ತಗುಲಿ ಕ್ಷಣಕಾಲ ಹಿಂದಿರುಗುತ್ತವೆ. ತಿರುಪತಿ ಬಳಿಯ ಗಾದಂಕಿಯಲ್ಲಿರುವ 53 ಮೆಗಾಹರ್ಟ್ಸ್ ರೇಡಾರ್ ಇಂಥ ಗೆರೆಗಳನ್ನು ಗುರುತಿಸುತ್ತದೆ.

ಅಷ್ಟು ದೂರವೇಕೆ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ನಮ್ಮ ಗೌರಿಬಿದನೂರಿನಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿತು. ಅಯಾನುಗೋಳದ ಗಡಿಗಿಂತ ತೀರ ಕೆಳಗಿನ ಆವೃತ್ತಿಯಾಗಿದ್ದರೆ ಅದಕ್ಕೆ ಬಾನಿನಿಂದ ಏನೂ ಇಳಿದು ಬರುತ್ತಿರಲಿಲ್ಲ. ಅಲ್ಲಿಯ ಸೌರ ರೇಡಿಯೊ ವೀಕ್ಷಣೆಯೂ ಇದೇ ನಿಯಮದ ಮೇಲೆ ನಿಂತಿದೆ: ಸೂರ್ಯನ ಹೊರಕವಚವಾದ ಕರೋನಾದಲ್ಲಿ ಕೆಳಗಿಳಿದಂತೆ ಇಲೆಕ್ಟ್ರಾನುಗಳು ದಟ್ಟವಾಗುವುದರಿಂದ, ಕಡಿಮೆ ಆವೃತ್ತಿಯ ತರಂಗ ಮೇಲಿನ ಪದರದಿಂದಷ್ಟೇ ಹೊರಬರಬಲ್ಲದು, ಹೆಚ್ಚಿನದು ಒಳಪದರದಿಂದಲೂ ಬರುತ್ತದೆ.

ಪಿಯು ವಿದ್ಯಾರ್ಥಿಗಳು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವುದರಿಂದ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಗೌರಿಬಿದನೂರು, ಚಿಕ್ಕಬಳ್ಳಾಪುರ ಜಿಲ್ಲೆ