ಆಕಾಶದ ಬಲೆಯ ಬಗ್ಗೆ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ಭಾರತ ಮತ್ತು ಅಮೆರಿಕ ಸೇರಿ ಕಳಿಸಿದ, ರಾಡಾರ್‌ನಿಂದ ಭೂಮಿಯನ್ನು ನೋಡುವ ನಿಸಾರ್ ಉಪಗ್ರಹದ ಆಂಟೆನಾ 2025ರ ಆಗಸ್ಟ್ 15ರಂದು ಬಿಚ್ಚಿಕೊಂಡಿತು. ನಾನು ಓದಿದ ಕನ್ನಡ ವರದಿಗಳಲ್ಲಿ ‘ಕೊಡೆಯಂತೆ ಅರಳಿತು’ ಎಂಬ ಒಂದೇ ಸಾಲಿನಲ್ಲಿ ಅದರ ಕಥೆ ಮುಗಿದಿತ್ತು. ಅಷ್ಟು ಸಾಲದು.

ನಾನು ಮಂಜೇಶ್ವರದ ಕಡಲ ಬದಿಯವನು, ಅಪ್ಪ ಮೀನುಗಾರರಾಗಿದ್ದರು. ಮೊನ್ನೆ ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: “ಮಾಷ್ಟ್ರೇ, ಆ ನಿಸಾರ್ ಆಂಟೆನಾ ಬಲೆಯಂತೆ ಅಲ್ವಾ? ಸಿಗ್ನಲ್ ತೂತಲ್ಲಿ ಸೋರಿ ಹೋಗುದಿಲ್ವಾ?” ಅಪ್ಪನ ಹಳೇ ಬೀಸುಬಲೆಯನ್ನು ಜಗಲಿಗೆ ತಂದೆ. ಬಲೆಯ ಕಣ್ಣು ಮೀನಿಗಿಂತ ಸಣ್ಣದಿದ್ದರೆ ಮೀನು ದಾಟುವುದಿಲ್ಲ. ನಿಸಾರ್‌ನ ಎರಡು ರಾಡಾರ್‌ಗಳ ರೇಡಿಯೋ ಅಲೆಗಳು ಸುಮಾರು 9 ಮತ್ತು 24 ಸೆಂಟಿಮೀಟರ್ ಉದ್ದ. ಚಿನ್ನದ ಲೇಪವಿರುವ ಆ ತಂತಿಬಲೆಯ ಕಣ್ಣು ಅದಕ್ಕಿಂತ ಎಷ್ಟೋ ಸಣ್ಣದು. ಅಲೆಯ ಮಟ್ಟಿಗೆ ಅದು ತಗಡಿನ ಹಾಗೆಯೇ. ನಿಜವಾದ ತಗಡು ಬೇಕಿಲ್ಲದ್ದರಿಂದ 12 ಮೀಟರ್ ಅಗಲದ ಆ ಪ್ರತಿಫಲಕ, ಅಂದರೆ ಅಲೆಗಳನ್ನು ಪುಟಿಸುವ ಆಂಟೆನಾದ ಬಲೆಯ ಭಾಗ, ಬರೀ 64 ಕೆ.ಜಿ. ತೂಗುತ್ತದೆ.

ಮಾತಾಡುತ್ತಲೇ ಅವಳು ಬಲೆ ಬಿಡಿಸುತ್ತಿದ್ದಳು. ಒಂದು ಎಳೆ ಸೀಸದ ಗುಂಡಿಗೆ ಸಿಕ್ಕಿಕೊಂಡಿತು. ಉಗುರಿನಿಂದ ಮೆಲ್ಲ ಬಿಡಿಸಿದಳು. “ಮೇಲೆ ಸಿಕ್ಕಿಕೊಂಡ್ರೆ ಯಾರು ಬಿಡಿಸ್ತಾರೆ?” ಎಂದಳು.

ಯಾರೂ ಇಲ್ಲ. ಅದಕ್ಕೇ ಪರೀಕ್ಷೆ. ಇಲ್ಲಿ ಭೂಮಿ ಎಲ್ಲವನ್ನೂ ಕೆಳಗೆ ಎಳೆಯುತ್ತದೆ, ಅಲ್ಲಿ ತೂಕವೇ ಇಲ್ಲ. ಇಷ್ಟು ನಾಜೂಕಾದದ್ದನ್ನು ಸುಮ್ನೆ ನೆಲದ ಮೇಲೆ ಬಿಚ್ಚಿ ನೋಡಿದರೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಮೇಲಿನಿಂದ ಹಗ್ಗಗಳಲ್ಲಿ ತೂಗುಹಾಕಿ, ಭಾರವನ್ನು ಆ ಹಗ್ಗಗಳಿಗೆ ಹೊರಿಸಿ ಬಿಚ್ಚಬೇಕು. ರಾಕೆಟ್ಟಿನಲ್ಲಿ ಆಗುವಂತೆ ಅಲುಗಾಡಿಸಬೇಕು. ಗಾಳಿಯಿಲ್ಲದ ಕೋಣೆಯಲ್ಲಿ ಕಾಯಿಸಿ, ತಣಿಸಿ ನೋಡಬೇಕು. ಮಡಚಿದ್ದಾಗ ಎಣಿಸಿದ್ದಕ್ಕಿಂತ ಜಾಸ್ತಿ ಬಿಸಿಯಾಗಬಹುದು ಎಂದು ಪರೀಕ್ಷೆಯಲ್ಲಿ ಗೊತ್ತಾದದ್ದರಿಂದಲೇ 2024ರಲ್ಲಿ ನಿಸಾರ್‌ನ ಪ್ರತಿಫಲಕವನ್ನು ಬೆಂಗಳೂರಿನಿಂದ ವಾಪಸ್ ಕ್ಯಾಲಿಫೋರ್ನಿಯಾಕ್ಕೆ ಕಳಿಸಿ, ವಿಶೇಷ ಲೇಪ ಹಚ್ಚಿಸಿದರು. ಉಡಾವಣೆ ತಡವಾಯಿತೆಂದು ಆಗ ಬೇಸರಪಟ್ಟವರಲ್ಲಿ ನಾನೂ ಒಬ್ಬ. ಈಗ ಆ ತಡಕ್ಕೆ ಕೈಮುಗಿಯುತ್ತೇನೆ.

ಗುರು ಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆಯ ಗತಿ ನೋಡಿ. 1991ರಲ್ಲಿ ಅದರ ಕೊಡೆಯಂಥ ಆಂಟೆನಾದ 18 ಕಡ್ಡಿಗಳಲ್ಲಿ ಕೆಲವು ಸಿಕ್ಕಿಕೊಂಡವು. ಲಾರಿಯಲ್ಲಿ ಅತ್ತಿತ್ತ ಸಾಗಿಸುವಾಗ ಜಾರಲು ಹಚ್ಚಿದ್ದ ಲೇಪ ಸವೆದುಹೋಗಿದ್ದೇ ಕಾರಣ ಎಂದು ಆಮೇಲೆ ತೀರ್ಮಾನಿಸಿದರು. ಆ ದೊಡ್ಡ ಆಂಟೆನಾ ಕೊನೆವರೆಗೂ ಪೂರ್ತಿ ಬಿಚ್ಚಲೇ ಇಲ್ಲ. ಸಣ್ಣ ಆಂಟೆನಾದಿಂದ ಮಾಹಿತಿ ತೊಟ್ಟು ತೊಟ್ಟಾಗಿ ಬಂತು.

ಇವನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹುಡುಕಿ ಓದಿ, ಅವಳಿಗೆ ಕನ್ನಡದಲ್ಲಿ ಹೇಳಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ನೇರವಾಗಿ ಕನ್ನಡದಲ್ಲೇ ಸಿಗಬೇಕು. ಈ ಕೆಲಸ ಮಾಡಿದ ಎಂಜಿನಿಯರುಗಳಲ್ಲಿ ಕನ್ನಡ ಬಲ್ಲವರಿದ್ದರೆ ಅವರಿಂದಲೇ ಒಂದು ಪುಟ ಬರೆಸಿ, ಚಿತ್ರ ಸಹಿತ ಪ್ರಕಟಿಸಿ. ಬಲೆಯ ಕಣ್ಣನ್ನು ಹತ್ತಿರದಿಂದ ತೋರಿಸುವ ಫೋಟೋ ಒಂದಾದರೂ ಇರಲಿ. ಅವಳು ಅದನ್ನೇ ಕೇಳುತ್ತಿದ್ದಾಳೆ.

— ನಿವೃತ್ತ ವಿಜ್ಞಾನ ಶಿಕ್ಷಕ, ಮಂಜೇಶ್ವರ